ಮೊದಲು ಬಚ್ಚಲು, ಆಮೇಲೆ ಅಡುಗೆಮನೆ

ಚಳಿಗಾಲ ಶುರುವಾದರೆ ನಮ್ಮ ನ್ಯೂಸ್ ರೂಮಿಗೆ ಒಂದು ಸುದ್ದಿ ತಪ್ಪದೇ ಬರುತ್ತೆ. ಊರು ಬೇರೆ, ಹೆಸರು ಬೇರೆ, ಸುದ್ದಿ ಮಾತ್ರ ಅದೇ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಕೂಗಿದರೂ ಉತ್ತರ ಇಲ್ಲ. ಬಾಗಿಲು ಒಡೆದು ನೋಡಿದರೆ ನೀರು ಹರಿಯುತ್ತಾ ಇದೆ, ಗ್ಯಾಸ್ ಗೀಸರ್ ಉರಿಯುತ್ತಾ ಇದೆ, ಮನುಷ್ಯ ನೆಲದ ಮೇಲೆ ಬಿದ್ದಿದ್ದಾನೆ. ನಾವು ಪರದೆಯ ಕೆಳಗೆ ಪಟ್ಟಿ ಹಾಕ್ತೀವಿ: 'ಗೀಸರ್ ಅನಿಲ ಸೋರಿಕೆ, ಸಾವು'. ನಾನೂ ಅದನ್ನು ಓದಿದ್ದೇನೆ. ಒಂದು ಸಲ ಅಲ್ಲ, ಎಷ್ಟೋ ಸಲ.

ವೀಕ್ಷಕರೇ, ಆ ಪಟ್ಟಿಯಲ್ಲಿ ಒಂದು ತಪ್ಪಿದೆ. ಆ ತಪ್ಪು ನನಗೆ ಗೊತ್ತಾಗಿದ್ದು ಸ್ಟುಡಿಯೋದಲ್ಲಿ ಅಲ್ಲ, ಗೋಕಾಕದಲ್ಲಿ ನನ್ನ ಸೋದರತ್ತೆಯ ಮನೆಯ ಬಚ್ಚಲಲ್ಲಿ.

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮ ಬಳಗ ಮೂರು ತಾಲೂಕಿನಲ್ಲಿ ಹಂಚಿಹೋಗಿದೆ. ಸೋದರತ್ತೆ ಗೋಕಾಕ ಪಟ್ಟಣದಲ್ಲಿ, ಅವ್ವನ ತವರು ಹುಕ್ಕೇರಿ ತಾಲೂಕಿನ ಹಳ್ಳಿ, ದೊಡ್ಡಪ್ಪನದು ಮೂಡಲಗಿ ಕಡೆ ತೋಟದ ಮನೆ. ನರಕ ಚತುರ್ದಶಿಯ ದಿನ ಅತ್ತೆಯ ಮನೆಯಲ್ಲಿ ನಸುಕಿಗೇ ಎಣ್ಣೆಸ್ನಾನ. ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ. ಗೀಸರ್ ಮುಕ್ಕಾಲು ಗಂಟೆಯಿಂದ ಆರಿಲ್ಲ. ನನ್ನ ಸರದಿ ಬಂತು. ಒಳಗೆ ಹೋಗಿ ಚಿಲಕ ಹಾಕಿದೆ. ಎರಡು ತಂಬಿಗೆ ನೀರು ಸುರಿದುಕೊಂಡ ಮೇಲೆ ತಲೆ ಭಾರ ಅನ್ನಿಸಿತು. ಮೇಲೆ ನೋಡಿದರೆ ಗೋಡೆಯ ಜಾಲಿಗೆ ಸಿಮೆಂಟ್ ಚೀಲ ಮಡಚಿ ತುರುಕಿದ್ದಾರೆ. ಅರ್ಧಕ್ಕೇ ಸ್ನಾನ ಬಿಟ್ಟು ಹೊರಗೆ ಬಂದೆ.

ಅತ್ತೆಗೆ ಕೇಳಿದೆ. ಅವರು ಹೇಳಿದರು: 'ಚಳಿ ಬರತೈತಿ ಅಂತ ನಾನ ಮುಚ್ಚೇನಿ ತಮ್ಮಾ. ಟೀವ್ಯಾಗ ನೀನ ಹೇಳಿದ್ದಿಯಲ್ಲ, ಗ್ಯಾಸ್ ಸೋರಿ ಸತ್ರು ಅಂತ. ನಮ್ಮದು ಸೋರಂಗಿಲ್ಲ. ದಿನಾ ಮೂಸಿ ನೋಡ್ತೇನಿ, ವಾಸನಿನ ಇಲ್ಲ.'

ಆ ಮಾತು ಕೇಳಿ ನನಗೆ ಬಾಯಿ ಕಟ್ಟಿಹೋಯ್ತು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ನಾನು. ಆದರೂ ಬಂದ ಪಟ್ಟಿಯನ್ನು ಬಂದ ಹಾಗೇ ಓದಿದ್ದೆ. ನನ್ನ ಮಾತು ನಂಬಿ ನಮ್ಮತ್ತೆ ದಿನಾ ಮೂಸಿ ನೋಡಿ, ವಾಸನೆ ಇಲ್ಲ ಅಂತ ಧೈರ್ಯವಾಗಿ ಜಾಲಿ ಮುಚ್ಚಿಕೊಂಡಿದ್ದರು.

ಈಗ ವಿಷಯ ಬಿಡಿಸಿ ಹೇಳ್ತೀನಿ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಹೆಚ್ಚುಕಡಿಮೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟಾನ್ ಎಂಬ ಗಬ್ಬುವಾಸನೆಯ ವಸ್ತುವನ್ನು ಅದಕ್ಕೆ ಬೆರೆಸಿರುತ್ತಾರೆ. ಬಚ್ಚಲಿನ ಸಾವುಗಳಲ್ಲಿ ಸಾಮಾನ್ಯವಾಗಿ ಗ್ಯಾಸ್ ಸೋರಿರುವುದೇ ಇಲ್ಲ. ಅದು ಉರಿದಿರುತ್ತೆ. ಆದರೆ ಅರ್ಧಂಬರ್ಧ ಉರಿದಿರುತ್ತೆ. ಗ್ಯಾಸ್ ಪೂರ್ತಿ ಉರಿಯೋಕೆ ಅದರ ಗಾತ್ರದ ಸುಮಾರು 25ರಿಂದ 30 ಪಟ್ಟು ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗೀಸರ್, ಅಡುಗೆ ಒಲೆಯ ಒಂದು ಬರ್ನರ್‌ಗಿಂತ ಐದಾರು ಪಟ್ಟು ಜೋರಾಗಿ ಗ್ಯಾಸ್ ಸುಡುತ್ತೆ. ನಾಲ್ಕಡಿ ಅಗಲ, ಆರಡಿ ಉದ್ದದ ಬಚ್ಚಲು. ಬಾಗಿಲು ಹಾಕಿದೆ, ಜಾಲಿ ಮುಚ್ಚಿದೆ. ಒಳಗಿನ ಆಮ್ಲಜನಕ ಕಡಿಮೆ ಆಗುತ್ತಾ ಹೋಗುತ್ತೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಗಟ್ಟಿಯಾಗಿ ಈ ವಿಷಗಾಳಿಯನ್ನು ಹಿಡಿದುಕೊಳ್ಳುತ್ತೆ. ಮೊದಲು ತಲೆ ಭಾರ, ಆಮೇಲೆ ಕಾಲಲ್ಲಿ ಶಕ್ತಿ ಇಲ್ಲ. ಚಿಲಕ ತೆಗೆಯಬೇಕು ಅಂತ ಗೊತ್ತಿರುತ್ತೆ, ಕೈ ಏಳೋದಿಲ್ಲ.

ಅಂದರೆ ಮೂಸಿ ನೋಡಿ ಪ್ರಯೋಜನ ಇಲ್ಲ. ಗ್ಯಾಸ್ ಬಿಟ್ಟು ಕರೆಂಟಿಗೆ ಬರಬೇಕಾ, ಬೇಡವಾ ಅಂತ ಈಗ ಎಲ್ಲೆಡೆ ಚರ್ಚೆ ಆಗ್ತಾ ಇದೆ. ಹಣ ಉಳಿಯುತ್ತಾ ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ನನ್ನ ಉತ್ತರ ಬೇರೆ ಕಡೆಯಿಂದ ಶುರುವಾಗುತ್ತೆ. ಮೊದಲ ಲಾಭ ಉಸಿರಿನದು. ಹಾಗಾಗಿ ಮೊದಲು ಬದಲಾಯಿಸಬೇಕಾದದ್ದು ಅಡುಗೆಮನೆಯ ಒಲೆ ಅಲ್ಲ, ಬಚ್ಚಲಿನ ಗೀಸರ್.

ಹಣದ ಲೆಕ್ಕವನ್ನೂ ಮಾಡೋಣ. ಅದನ್ನು ಬಿಟ್ಟರೆ ನೀವು ನನ್ನನ್ನು ಬಿಡೋದಿಲ್ಲ.

ಒಂದು ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್. ಅದರಲ್ಲಿರುವ ಶಾಖವನ್ನು ಕರೆಂಟಿನ ಭಾಷೆಯಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಐಎಸ್‌ಐ ಗುರುತಿನ ಗ್ಯಾಸ್ ಒಲೆ ಕನಿಷ್ಠ ಶೇ. 68ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು ಅನ್ನೋದು ನಿಯಮ. ಉಳಿದದ್ದು ಪಾತ್ರೆಯ ಪಕ್ಕದಿಂದ ಹಾದು ಅಡುಗೆ ಮಾಡುವವರ ಮುಖಕ್ಕೆ ಬಡಿಯುತ್ತೆ. ಇಂಡಕ್ಷನ್ ಒಲೆಯಲ್ಲಿ ಸುಮಾರು ಶೇ. 85 ಪಾತ್ರೆಗೇ ಹೋಗುತ್ತೆ. ಅಲ್ಲಿಗೆ, ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್ ಸುಮಾರು 145 ಯೂನಿಟ್ಟಿನಲ್ಲಿ ಮಾಡಿ ಮುಗಿಸುತ್ತೆ. ನಾಲ್ಕು ಜನರ ಮನೆಗೆ ಸಿಲಿಂಡರ್ ಒಂದೂವರೆ ತಿಂಗಳು ಬರುತ್ತೆ ಅಂತ ಇಟ್ಟುಕೊಂಡರೆ ತಿಂಗಳಿಗೆ ನೂರು ಯೂನಿಟ್.

ಇನ್ನು ಬಚ್ಚಲು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ತರೋಕೆ ಸುಮಾರು 0.42 ಯೂನಿಟ್ ಬೇಕು. ನಾಲ್ಕು ಜನ, ನಾಲ್ಕು ಬಕೆಟ್ ಅಂದರೆ ತಿಂಗಳಿಗೆ 50 ಯೂನಿಟ್.

ಸಿಲಿಂಡರ್ ದರ 850 ರೂಪಾಯಿ ಅಂತ ಇಡೋಣ. ಕರೆಂಟು ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಅಂತ ಹಿಡಿಯೋಣ. ದರ ಏರಿಳಿದರೆ ನಿಮ್ಮ ಬಿಲ್ ನೋಡಿ ನೀವೇ ತಿದ್ದಿಕೊಳ್ಳಿ, ಲೆಕ್ಕದ ದಾರಿ ಬದಲಾಗೋದಿಲ್ಲ.

ಇಲ್ಲಿ ಗೃಹಜ್ಯೋತಿ ಬರುತ್ತೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯನ್ನು ತುಂಬ ಜನ 'ಇನ್ನೂರು ಯೂನಿಟ್ ಪುಕ್ಕಟೆ' ಅಂತ ತಿಳಿದುಕೊಂಡಿದ್ದಾರೆ. ಹಾಗಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅಷ್ಟು, ಅದರ ಮೇಲೆ ಶೇ. 10 ಸೇರಿಸಿ ಪುಕ್ಕಟೆ. ಬಹಳ ಕಡಿಮೆ ಬಳಸುವವರಿಗೆ ಲೆಕ್ಕ ಸ್ವಲ್ಪ ಬೇರೆ. ನಿಮ್ಮ ಪಾಲು ಮೀರಿದರೆ ಹೆಚ್ಚಾದಷ್ಟಕ್ಕೆ ಬಿಲ್ ಕಟ್ಟಬೇಕು. 200 ದಾಟಿದಿರೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಅತ್ತೆಯ ಮನೆಯ ಬಿಲ್ ತೆಗೆದುಕೊಂಡು ಕೂತೆವು. ಸರಾಸರಿ 60 ಯೂನಿಟ್, ಪುಕ್ಕಟೆ ಪಾಲು 66. ಬರೀ ಗೀಸರ್ ಬದಲಾಯಿಸಿದರೆ 60ಕ್ಕೆ 50 ಸೇರಿ 110. ಹೆಚ್ಚಾದದ್ದು 44 ಯೂನಿಟ್, 286 ರೂಪಾಯಿ. ಅದೇ ನೀರನ್ನು ಗ್ಯಾಸ್ ಗೀಸರಿನಲ್ಲಿ ಕಾಯಿಸಿದರೆ ಸುಮಾರು ಐದು ಕೆ.ಜಿ. ಗ್ಯಾಸ್ ಬೇಕು, ಅದಕ್ಕೆ ಹತ್ತಿರ ಹತ್ತಿರ 300 ರೂಪಾಯಿ. ಸರಿಗೆ ಸರಿ. ಬರೀ ಒಲೆ ಬದಲಾಯಿಸಿದರೆ 160 ಯೂನಿಟ್, ಹೆಚ್ಚಾದದ್ದಕ್ಕೆ 611 ರೂಪಾಯಿ. ಉಳಿಯುವ ಗ್ಯಾಸ್ ತಿಂಗಳಿಗೆ ಸುಮಾರು 570 ರೂಪಾಯಿಯದು. ಅದೂ ಹೆಚ್ಚುಕಡಿಮೆ ಸರಿಗೆ ಸರಿ. ಹುಮ್ಮಸ್ಸಿನಲ್ಲಿ ಎರಡನ್ನೂ ಪೂರ್ತಿ ಬದಲಾಯಿಸಿದರೆ? 210 ಯೂನಿಟ್. ಇನ್ನೂರರ ಗೋಡೆ ದಾಟಿ ಹತ್ತು ಯೂನಿಟ್. ಬಿಲ್ 1,365 ರೂಪಾಯಿ! ಉಳಿಯುವ ಗ್ಯಾಸಿನ ಬೆಲೆ 860. ತಿಂಗಳಿಗೆ ಐನೂರು ರೂಪಾಯಿ ಕೈಬಿಟ್ಟ ಹಾಗೆ.

ಅದಕ್ಕೇ ನಾನು ಹೇಳೋದು, ಕರೆಂಟ್ ಒಲೆ ತಂದರೆ ಅರ್ಧ ಖರ್ಚು ಉಳಿಯುತ್ತೆ ಅಂತ ಯಾರಾದರೂ ಅಂದರೆ ಅವರಿಂದ ಕಾಗದದ ಮೇಲೆ ಲೆಕ್ಕ ಬರೆಸಿಕೊಳ್ಳಿ. ಉಜ್ವಲಾ ಸಂಪರ್ಕದವರಿಗೆ ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಬೇರೆ ಇದೆ, ಅವರಿಗೆ ಒಲೆಯ ಗ್ಯಾಸೇ ಅಗ್ಗ. ಲಾಭ ಜೇಬಿನಲ್ಲಿ ಹುಡುಕಿದರೆ ಕೈಗೆ ಬರೋದು ಕಡಿಮೆ. ಆದರೆ ಸರಿಗೆ ಸರಿ ಖರ್ಚಿನಲ್ಲಿ ಬಚ್ಚಲಿನ ವಿಷಗಾಳಿ ಹೋಗುತ್ತೆ ಅಂದಮೇಲೆ ಯೋಚನೆ ಮಾಡೋಕೆ ಏನಿದೆ?

ಅತ್ತೆ ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ಬಚ್ಚಲಿಗೆ 15 ಲೀಟರಿನ ಕರೆಂಟ್ ಗೀಸರ್. ಅಡುಗೆಮನೆಯಲ್ಲಿ ಚಹಾ, ಹಾಲು, ಅನ್ನ, ಬೇಳೆ ಇಂಡಕ್ಷನ್ ಮೇಲೆ. ರೊಟ್ಟಿ ಮಾತ್ರ ಗ್ಯಾಸ್ ಮೇಲೆ. ಒಟ್ಟು 160 ಯೂನಿಟ್ಟಿನ ಆಸುಪಾಸು, ಗೋಡೆಯಿಂದ ದೂರ.

ರೊಟ್ಟಿಯ ಮಾತು ಸಣ್ಣದಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಒಲೆ ಬದಲಾಯಿಸುವ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದೇ. ಅತ್ತೆ ಇಂಡಕ್ಷನ್ ಒಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದೂ ಇದನ್ನೇ: 'ಇದರಾಗ ಉರಿನ ಇಲ್ಲಲ್ಲೋ, ರೊಟ್ಟಿ ಹೆಂಗ ಉಬ್ಬತೈತಿ?' ಇಂಡಕ್ಷನ್ ಒಳಗೆ ತಾಮ್ರದ ಸುರುಳಿ ಇರುತ್ತೆ. ಅದರಲ್ಲಿ ವೇಗವಾಗಿ ದಿಕ್ಕು ಬದಲಾಯಿಸುವ ಕರೆಂಟ್ ಹರಿದು ಕಾಂತಕ್ಷೇತ್ರ ಹುಟ್ಟುತ್ತೆ, ಆ ಕ್ಷೇತ್ರ ಪಾತ್ರೆಯ ತಳದಲ್ಲೇ ಕರೆಂಟ್ ಸುತ್ತಾಡಿಸಿ ಪಾತ್ರೆಯನ್ನೇ ಕಾಯಿಸುತ್ತೆ. ಉರಿ ಇಲ್ಲ. ಹಾಗಾಗಿ ನಮ್ಮ ಜರ್ಮನ್ ಪಾತ್ರೆ, ಹಿತ್ತಾಳೆ, ತಾಮ್ರ ಅದರ ಮೇಲೆ ಕಾಯೋದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ನಡೆಯುತ್ತೆ. ತಳ ಸಪಾಟಾಗಿರುವ ಕಬ್ಬಿಣದ ತವೆ ಚೆನ್ನಾಗಿ ಕಾಯುತ್ತೆ, ರೊಟ್ಟಿಯೂ ಬೇಯುತ್ತೆ. ತಿರುವಿ ಹಾಕಿ ಅರಿವೆಯಿಂದ ಒತ್ತಿದರೆ ಉಬ್ಬುತ್ತೆ. ಆದರೆ ಉರಿಗೆ ಹಿಡಿದು ಸುಟ್ಟ ರೊಟ್ಟಿಯ ರುಚಿ ಅದಕ್ಕೆ ಬರೋದಿಲ್ಲ. ಅದಕ್ಕಾಗಿ ಒಂದು ಬರ್ನರ್ ಗ್ಯಾಸ್ ಇಟ್ಟುಕೊಂಡರೆ ತಪ್ಪೇನೂ ಇಲ್ಲ. ಹಿಂಭಾಗದ ಕಿಟಕಿ ತೆರೆದಿಟ್ಟು ರೊಟ್ಟಿ ಸುಡಿ, ಅಷ್ಟೇ. ನೀಲಿ ಉರಿಯಲ್ಲಿ ಹೊಗೆ ಕಾಣದಿದ್ದರೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತೆ, ಆಸ್ತಮಾ ಇರುವ ಮಕ್ಕಳಿಗೆ ಅದು ಒಳ್ಳೆಯದಲ್ಲ.

ಹಾಗಂತ ಗ್ಯಾಸ್ ಕೆಟ್ಟದ್ದು ಅಂತ ಮತ್ತೆ ಕಟ್ಟಿಗೆ ಒಲೆಗೆ ಹೋದರೆ ಇಲಿಗೆ ಹೆದರಿ ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದು ಹೆಚ್ಚಾಗಿ ಕಟ್ಟಿಗೆ, ಕುಳ್ಳು, ಸೀಮೆಎಣ್ಣೆ, ಇದ್ದಿಲಿನ ಹೊಗೆ. ನಮ್ಮ ಅಜ್ಜಿಯರ ಕೆಮ್ಮು ಎಲ್ಲಿಂದ ಬಂತು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕಟ್ಟಿಗೆಗಿಂತ ಗ್ಯಾಸ್ ಎಷ್ಟೋ ಮೇಲು, ಗ್ಯಾಸಿಗಿಂತ ಕರೆಂಟ್ ಮೇಲು. ಇಷ್ಟು ಮೆಟ್ಟಿಲು ನೆನಪಿಟ್ಟುಕೊಳ್ಳಿ.

ಗೋಕಾಕಕ್ಕೆ ಕರೆಂಟಿನ ಪಾಠ ಹೊಸದಲ್ಲ. ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಾಗದಲ್ಲಿ, ಬೀಳುವ ನೀರಿನ ಬಲ ಹಿಡಿದು 1887ರಲ್ಲೇ ಹತ್ತಿಗಿರಣಿ ನಡೆಸಿದ ಊರು ಇದು. ಅಲ್ಲಿನ ಹಳೆಯ ಪವರ್ ಹೌಸ್ ತೋರಿಸಿ, ಕರೆಂಟ್ ಮೊದಲು ಹುಟ್ಟಿದ್ದೇ ಇಲ್ಲಿ ಅಂತ ಊರಿನವರು ಇವತ್ತಿಗೂ ಎದೆಯುಬ್ಬಿಸಿ ಹೇಳ್ತಾರೆ. ಅದೇ ಘಟಪ್ರಭೆಗೆ ಮೇಲ್ಗಡೆ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಇದೆ, ಅಲ್ಲಿನ ವಿದ್ಯುದಾಗಾರದ ಸಾಮರ್ಥ್ಯ 32 ಮೆಗಾವ್ಯಾಟ್. ಕಬ್ಬು ನುರಿಸುವ ಕಾಲದಲ್ಲಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಸಿಪ್ಪೆ ಸುಟ್ಟು ಕರೆಂಟ್ ತಯಾರಿಸಿ, ತಮಗೆ ಸಾಕಾಗಿ ಉಳಿದದ್ದನ್ನು ಮಾರುತ್ತವೆ. ಗ್ಯಾಸ್ ಹಾಗಲ್ಲ. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರಬೇಕು, ಅದರಲ್ಲೂ ಬಹುಪಾಲು ಕೊಲ್ಲಿ ದೇಶಗಳಿಂದ. ಅಲ್ಲಿ ಗುಂಡು ಹಾರಿದರೆ ಇಲ್ಲಿ ಅತ್ತೆಯ ಅಡುಗೆಮನೆಯಲ್ಲಿ ದರ ಏರುತ್ತೆ. ಹೊಲದ ಕಬ್ಬು, ಹೊಳೆಯ ನೀರು, ಮಾಳಿಗೆ ಮೇಲಿನ ಬಿಸಿಲು ಇವು ಯಾವ ಸಮುದ್ರವನ್ನೂ ದಾಟಿ ಬರಬೇಕಿಲ್ಲ.

ಎರಡನೇ ದಿನ ಅವ್ವನ ತವರಿಗೆ ಹೋದೆ. ಹುಕ್ಕೇರಿ ತಾಲೂಕಿಗೆ ಒಂದು ವಿಶೇಷ ಇದೆ. ರಾಜ್ಯದ ಬೇರೆ ಎಲ್ಲ ತಾಲೂಕಿಗೆ ಬೆಸ್ಕಾಂ, ಹೆಸ್ಕಾಂ ಅಂತ ಸರಕಾರಿ ಕಂಪನಿಗಳು ಕರೆಂಟ್ ಹಂಚಿದರೆ, ಹುಕ್ಕೇರಿಗೆ ಹಂಚೋದು ಗ್ರಾಹಕರೇ ಸದಸ್ಯರಾಗಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ, ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತ ಇದ್ದಾಗ, ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಮಾದರಿ ನೋಡಿ ದೇಶದಲ್ಲಿ ಐದು ಕಡೆ ಇಂಥ ಪ್ರಯೋಗ ಶುರುವಾಯಿತು. ಅದರಲ್ಲಿ ಹುಕ್ಕೇರಿಯೂ ಒಂದು. ಅದರ ಆಡಳಿತ ಮಂಡಳಿ ಚುನಾವಣೆ 2025ರಲ್ಲಿ ಎಷ್ಟು ಬಿಸಿ ಏರಿತ್ತು ಅಂತ ಸುದ್ದಿ ನೋಡಿದವರಿಗೆ ಗೊತ್ತು, ವಿಧಾನಸಭೆ ಚುನಾವಣೆಗೆ ಏನೂ ಕಡಿಮೆ ಇರಲಿಲ್ಲ.

ಮಾಮಾನ ಮನೆಯಲ್ಲಿ ಆಗಲೇ ಇಂಡಕ್ಷನ್ ತಂದಿದ್ದರು. ಅದನ್ನು ಟೀವಿಯ ಪಕ್ಕದ ಸಣ್ಣ ಸಾಕೆಟ್ಟಿಗೆ, ಎಕ್ಸ್‌ಟೆನ್ಷನ್ ಬಾಕ್ಸ್ ಮೂಲಕ ಚುಚ್ಚಿದ್ದರು. ಕೈ ಇಟ್ಟು ನೋಡಿದೆ, ವೈರ್ ಬೆಚ್ಚಗಾಗಿತ್ತು. 2,000 ವ್ಯಾಟ್ ಅಂದರೆ ಹತ್ತಿರ ಹತ್ತಿರ ಒಂಬತ್ತು ಆಂಪಿಯರ್. ಫ್ಯಾನು, ಮೊಬೈಲ್ ಚಾರ್ಜರ್‌ಗೆ ಅಂತ ಹಾಕಿದ ಆರು ಆಂಪಿಯರ್ ಸಾಕೆಟ್ ಅದನ್ನು ತಡೆಯೋದಿಲ್ಲ. ಗ್ಯಾಸಿನ ಅಪಾಯ ಬಿಟ್ಟು ಬೆಂಕಿಯ ಅಪಾಯ ತಂದುಕೊಂಡರೆ ಏನು ಸಾಧಿಸಿದ ಹಾಗಾಯ್ತು? ಮಾಮಾನಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟದ್ದನ್ನೇ ನಿಮಗೂ ಹೇಳ್ತೀನಿ. ಒಲೆಗೆ, ಗೀಸರಿಗೆ ಬೇರೆ ಬೇರೆ 16 ಆಂಪಿಯರ್ ಸಾಕೆಟ್ ಇರಲಿ. ಮೀಟರ್ ಬೋರ್ಡಿನಿಂದ ಪ್ರತಿಯೊಂದಕ್ಕೂ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ಬೇರೆ ವೈರ್ ಎಳೆಸಿ. ಪ್ರತಿಯೊಂದಕ್ಕೂ ಅದರದೇ ಎಂಸಿಬಿ ಹಾಕಿಸಿ. ಅರ್ಥಿಂಗ್ ನಿಜವಾಗಿಯೂ ಭೂಮಿಗೆ ಮುಟ್ಟಿದೆಯಾ ಅಂತ ಲೈನ್‌ಮನ್ ಅಥವಾ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕಡೆಯಿಂದ ಅಳತೆ ಮಾಡಿಸಿ. ಇಡೀ ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಎಲ್ಲಾದರೂ ಮೈಗೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಲೈನ್ ಕತ್ತರಿಸುತ್ತೆ. ಕರೆಂಟಿನ ಅಪಾಯಕ್ಕೆ ಇಂಥ ಕಾವಲುಗಾರ ಇದ್ದಾನೆ. ಬಚ್ಚಲಿನ ವಿಷಗಾಳಿಗೆ ನಮ್ಮ ಮನೆಗಳಲ್ಲಿ ಅಂಥ ಕಾವಲು ಇಲ್ಲ. ಇನ್ನೊಂದು, ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಅಗ್ಗ ಅಂತ ತರಬೇಡಿ. ನೀರು ಕಾದಿದೆಯಾ ಅಂತ ಕೈ ಅದ್ದಿ ನೋಡಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನೂ ನಾನೇ ಓದಿದ್ದೇನೆ.

ಮನೆಯ ಒಳಗಿನ ಮಾತು ಇದಾಯ್ತು. ಹೊರಗೆ ಕಂಬದ ಮೇಲಿನ ಟಿಸಿ ಕಥೆ ಬೇರೆ. ಒಂದು ಓಣಿಗೆ 63 ಕೆವಿಎ ಟಿಸಿ ಇದೆ ಅಂತ ಇಟ್ಟುಕೊಳ್ಳಿ. ಸಂಜೆ ಏಳಕ್ಕೆ ನಲವತ್ತು ಮನೆಯವರು ಒಮ್ಮೆಲೇ ಎರಡೆರಡು ಕಿಲೋವ್ಯಾಟಿನ ಒಲೆ ಹಚ್ಚಿದರೆ 80 ಕಿಲೋವ್ಯಾಟ್. ಟಿಸಿ ಸುಡುತ್ತೆ, ಓಣಿ ಕತ್ತಲಾಗುತ್ತೆ. ಹಾಗಾಗಿ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳದೆ ಕದ್ದುಮುಚ್ಚಿ ಒಲೆ ಹಚ್ಚಬೇಡಿ. ಅರ್ಜಿ ಕೊಟ್ಟರೆ ತಾನೇ ಈ ಓಣಿಗೆ ದೊಡ್ಡ ಟಿಸಿ ಬೇಕು ಅನ್ನೋದು ಕಡತದಲ್ಲಿ ಕಾಣೋದು? ಹುಕ್ಕೇರಿಯವರಿಗೆ ಬೇರೆ ತಾಲೂಕಿನವರಿಗೆ ಇಲ್ಲದ ಒಂದು ಅನುಕೂಲ ಇದೆ. ಕರೆಂಟ್ ಕೊಡುವ ಸಂಘಕ್ಕೆ ಅವರೇ ಸದಸ್ಯರು. ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು, ನಮ್ಮ ಓಣಿಯ ಟಿಸಿ ಯಾವಾಗ ದೊಡ್ಡದು ಮಾಡ್ತೀರಿ ಅಂತ ಕೇಳಬಹುದು. ಚುನಾವಣೆಯಲ್ಲಿ ಯಾರ ಬಣ ಗೆದ್ದಿತು ಅನ್ನೋದಕ್ಕಿಂತ ಈ ಪ್ರಶ್ನೆ ನಿಮ್ಮ ಮನೆಗೆ ಹೆಚ್ಚು ಹತ್ತಿರದ್ದು.

ಮೂರನೇ ದಿನ ಮೂಡಲಗಿ ಕಡೆ ದೊಡ್ಡಪ್ಪನ ತೋಟ. ಅಲ್ಲಿ ನನ್ನ ಲೆಕ್ಕವೆಲ್ಲ ತಲೆಕೆಳಗಾಯ್ತು. ಸುತ್ತಲೂ ಕಬ್ಬು, ನಡುವೆ ಮನೆ. ನಮ್ಮ ಕಡೆ ಎಷ್ಟೋ ಕುಟುಂಬಗಳು ಊರೊಳಗೆ ಇರೋದಿಲ್ಲ, ತೋಟಪಟ್ಟಿಯಲ್ಲೇ ವಾಸ. ಮನೆಗೆ ಬರೋದು ಪಂಪ್‌ಸೆಟ್ಟಿನ ಲೈನ್. ತ್ರೀ ಫೇಸ್ ಏಳು ತಾಸು, ಅದೂ ಪಾಳಿಯ ಮೇಲೆ. ಉಳಿದ ಹೊತ್ತಿನಲ್ಲಿ ಸಿಂಗಲ್ ಫೇಸ್ ಬಂದರೆ ಬಂತು. ರಾತ್ರಿ ದೀಪ ಮಿಣಮಿಣ. ನಾನು ಕರೆಂಟ್ ಒಲೆಯ ಮಾತು ತೆಗೆದೆ. ದೊಡ್ಡಪ್ಪ ನಕ್ಕರು: 'ದೀಪಾನ ಹತ್ತವಲ್ದು, ನೀ ಒಲಿ ಹಚ್ಚಾಕ ಬಂದಿ.'

ದೊಡ್ಡಪ್ಪನ ಮಾತಿನಲ್ಲಿ ಭೌತಶಾಸ್ತ್ರ ಇದೆ. ಗೀಸರಿನ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 230 ಇರಬೇಕಾದ ವೋಲ್ಟೇಜ್ 180ಕ್ಕೆ ಬಿದ್ದರೆ 2 ಕಿಲೋವ್ಯಾಟ್ ಗೀಸರ್ ಬರೀ 1.2 ಕಿಲೋವ್ಯಾಟಿನದಾಗುತ್ತೆ. ಇಂಡಕ್ಷನ್ ಒಲೆಯಂತೂ ವೋಲ್ಟೇಜ್ ತೀರ ಬಿದ್ದರೆ ಪೀಂ ಪೀಂ ಅಂತ ಕೂಗಿ ಬಂದ್ ಆಗುತ್ತೆ. ಇಂಥ ಮನೆಗೆ ಹೋಗಿ ಗ್ಯಾಸ್ ಬಿಡಿ ಅನ್ನೋದು ಸ್ಟುಡಿಯೋದ ಏಸಿಯಲ್ಲಿ ಕೂತು ಕೊಡುವ ಉಪದೇಶ ಆಗುತ್ತೆ. ಅದನ್ನು ನಾನು ಕೊಡೋದಿಲ್ಲ.

ಆದರೆ ಅಲ್ಲೂ ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರ್ ಇತ್ತು. ತಮ್ಮಂದಿರು ಪ್ಯಾಟೆಯಿಂದ ತಂದು ಹಾಕಿದ್ದು. ಕರೆಂಟ್ ಇಲ್ಲದ ಕಡೆ ಉಸಿರಿನ ದಾರಿ ಬೇರೆ ಇದೆ. ಅವತ್ತೇ ಸಂಜೆ ಗೀಸರನ್ನು ಬಚ್ಚಲಿನಿಂದ ಕಿತ್ತು ಹೊರಗಿನ ಗೋಡೆಗೆ, ಮಳೆ ಬೀಳದ ಹಾಗೆ ತಗಡಿನ ಕೆಳಗೆ ಹಾಕಿಸಿದೆವು. ಬಿಸಿನೀರು ಪೈಪಿನಲ್ಲಿ ಒಳಗೆ ಬರುತ್ತೆ, ಉರಿ ಹೊರಗಿನ ಗಾಳಿಯಲ್ಲಿ ಇರುತ್ತೆ. ಪ್ಲಂಬರಿನ ಕೂಲಿ, ಮೂರು ಮಾರು ಪೈಪು, ಒಂದು ಸಂಜೆಯ ಕೆಲಸ. ಮುಂದೆ ಸೋಲಾರ್ ವಾಟರ್ ಹೀಟರ್ ಹಾಕಿಸುವ ಮಾತಾಗಿದೆ, ಅದಕ್ಕೆ ಯಾವ ಫೇಸೂ ಬೇಡ. ಊರೊಳಗೆ ಒಳ್ಳೆಯ ಲೈನ್ ಇರುವವರು ಮಾಳಿಗೆ ಮೇಲೆ ಸೋಲಾರ್ ಕರೆಂಟಿಗೂ ಹೋಗಬಹುದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಇದೆ.

ಸರಕಾರಕ್ಕೂ ಎರಡು ಮಾತು ಹೇಳಬೇಕು. ಒಂದು, ಇನ್ನೂರು ಯೂನಿಟ್ಟಿನ ಆ ಗೋಡೆ. 199 ಸುಟ್ಟವನಿಗೆ ಪಾಲು ಸಿಗುತ್ತೆ, 201 ಸುಟ್ಟವನಿಗೆ ಒಂದು ಯೂನಿಟ್ಟೂ ಇಲ್ಲ ಅಂದರೆ ಹೊಗೆ ಬಿಟ್ಟು ಕರೆಂಟಿಗೆ ಬರುವವರನ್ನು ಹೊಸ್ತಿಲಲ್ಲೇ ತಡೆದ ಹಾಗೆ. ಗೋಡೆಯ ಬದಲು ಇಳಿಜಾರು ಮಾಡಿ. 200 ದಾಟಿದರೆ ಪುಕ್ಕಟೆ ಪಾಲು ನಿಧಾನವಾಗಿ ಕಡಿಮೆ ಆಗಲಿ, ಒಮ್ಮೆಲೇ ಮಾಯ ಆಗದಿರಲಿ. ಎರಡು, ತೋಟಪಟ್ಟಿ ಮನೆಗಳು. ಅಲ್ಲಿರುವವರೂ ಮನುಷ್ಯರು, ಬರೀ ಪಂಪ್‌ಸೆಟ್ಟಿನ ನಂಬರ್ ಅಲ್ಲ. ಅವರ ಮನೆಗೆ ಅಡುಗೆ ಹೊತ್ತಿನಲ್ಲಾದರೂ ನೆಟ್ಟಗೆ ವೋಲ್ಟೇಜ್ ಕೊಡಿ. ಕೊಟ್ಟ ದಿನ ದೊಡ್ಡಪ್ಪನಿಗೆ ಇಂಡಕ್ಷನ್ ನಾನೇ ಕೊಂಡು ಒಯ್ಯುತ್ತೇನೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಭಾನುವಾರ ಮಾಡಬಹುದಾದ ಕೆಲಸ ಇದೆ. ನಿಮ್ಮ ಬಚ್ಚಲಿಗೆ ಹೋಗಿ ನೋಡಿ. ಉರಿಯುವ ಗೀಸರ್ ಒಳಗೆ ಇದೆಯಾ? ಇದ್ದರೆ ಕರೆಂಟಿನದು ಹಾಕಿಸಿ, ಇಲ್ಲವೇ ಅದನ್ನು ಹೊರಗಿನ ಗೋಡೆಗೆ ದಾಟಿಸಿ. ಎರಡೂ ಆಗುವವರೆಗೆ ನೀರನ್ನು ಬಕೆಟ್ಟಿಗೆ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಆಡಿಸಿ, ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಜಾಲಿಗೆ ತುರುಕಿದ ಚೀಲ ಇವತ್ತೇ ಕಿತ್ತು ಹಾಕಿ. ಸ್ನಾನದಲ್ಲಿ ತಲೆ ಭಾರ ಅನ್ನಿಸಿದರೆ ಸೋಪು ತೊಳೆಯೋಕೂ ನಿಲ್ಲಬೇಡಿ, ಹೊರಗೆ ಬನ್ನಿ. ಗ್ಯಾಸ್ ನಿಜವಾಗಿಯೂ ಸೋರಿ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೇ ಹರಡಿ ಕೂತಿರುತ್ತೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಡೆಸ್ಕಿನಲ್ಲಿ ಕೂತು ಒಂದು ಕೆಲಸ ಮಾಡಿದೆ. ಗೀಸರ್ ಸಾವಿನ ಸುದ್ದಿ ಬಂದರೆ 'ಅನಿಲ ಸೋರಿಕೆ' ಅಂತ ಕಣ್ಣುಮುಚ್ಚಿ ಬರೆಯೋದು ಬೇಡ, 'ಗಾಳಿ ಇಲ್ಲದ ಬಚ್ಚಲಲ್ಲಿ ವಿಷಗಾಳಿ' ಅಂತ ಬರೆಯೋಣ ಅಂತ ಸಹೋದ್ಯೋಗಿಗಳಿಗೆ ಹೇಳಿದೆ. ಅಕ್ಷರ ಜಾಸ್ತಿ ಆಗುತ್ತೆ, ಪಟ್ಟಿ ಉದ್ದ ಆಗುತ್ತೆ ಅಂದರು. ಆಗಲಿ ಅಂದೆ. ಅತ್ತೆ ನೋಡ್ತಾ ಇರ್ತಾರೆ.